ಕುರುಕ್ಷೇತ್ರ ಎಲ್ಲರದ್ದು, ನಾಗರಹಾವು ಯಾರದ್ದು?

2016ರ ಕೊನೆಯ ಮೂರು ತಿಂಗಳಲ್ಲಿ, ತೀರಿಹೋದ ಇಬ್ಬರು ನಟರು ಮತ್ತೆ ಪರದೆಗೆ ಬಂದರು. ಅಕ್ಟೋಬರ್‌ನಲ್ಲಿ ತೆರೆಕಂಡ, ಕೋಡಿ ರಾಮಕೃಷ್ಣ ನಿರ್ದೇಶನದ ‘ನಾಗರಹಾವು’ ಚಿತ್ರದಲ್ಲಿ ವಿಷ್ಣುವರ್ಧನ್ ಇದ್ದರು. ಅವರು ತೀರಿಕೊಂಡದ್ದು 2009ರ ಡಿಸೆಂಬರ್ 30ರಂದು. ಡಿಸೆಂಬರ್‌ನಲ್ಲಿ ಬಂದ ಸ್ಟಾರ್ ವಾರ್ಸ್ ಸರಣಿಯ ‘ರೋಗ್ ಒನ್’ ಚಿತ್ರದಲ್ಲಿ ಪೀಟರ್ ಕುಶಿಂಗ್ ಇದ್ದರು. ಅವರು ತೀರಿಕೊಂಡದ್ದು 1994ರಲ್ಲಿ. ಅಲ್ಲಿ ಗೈ ಹೆನ್ರಿ ಎಂಬ ನಟ ಅಭಿನಯಿಸಿ, ಅವರ ಮುಖದ ಜಾಗದಲ್ಲಿ ಕುಶಿಂಗ್ ಮುಖವನ್ನು ಕಂಪ್ಯೂಟರ್‌ನಲ್ಲಿ ಕೂರಿಸಲಾಗಿತ್ತು. ಇಲ್ಲಿಯೂ ಕಂಪ್ಯೂಟರ್‌ನಲ್ಲೇ ಮರುರಚಿಸಿದ ವಿಷ್ಣುವರ್ಧನ್, ಚಿತ್ರದ ಕೊನೆಯ ಭಾಗದಲ್ಲಿ ಕಾಣಿಸಿಕೊಂಡರು.

ಬಜೆಟ್ಟಿನಲ್ಲಿ ಈ ಎರಡು ಸಿನಿಮಾಗಳಿಗೂ ಆನೆ-ಇರುವೆಯ ಅಂತರ. ಆದರೂ ಎರಡನ್ನೂ ನೋಡಿ ಹೊರಬಂದ ಅಭಿಮಾನಿಗಳ ಮಾತಿನಲ್ಲಿ ಒಂದೇ ಬಗೆಯ ಕಸಿವಿಸಿ ಇತ್ತು. ಮುಖ ಕಂಡಾಗ ಮೈ ಜುಮ್ಮೆಂದಿತು, ಆದರೆ ಏನೋ ಸರಿಯಿಲ್ಲ ಎನ್ನುವ ಕಸಿವಿಸಿ. ‘ನಮ್ಮದನ್ನು ತಗೊಂಡು ನಮಗೇ ಮಾರಿದರು’ ಎನ್ನುವ ಸಿಟ್ಟೂ ಅದರೊಳಗೆ ಸೇರಿಕೊಂಡಿತ್ತು. ಈ ಬರಹ ಆ ಸಿಟ್ಟಿನ ಕುರಿತದ್ದು. ಹಳೆಯ, ಪ್ರೀತಿಯ ಕತೆಯೊಂದನ್ನು ಸ್ಟುಡಿಯೋಗಳು ಹೊಸದಾಗಿ ತೆಗೆದಾಗ ಅಭಿಮಾನಿಗಳು ಸಿಡಿಮಿಡಿಗೊಳ್ಳುವುದು ಈಗ ವರ್ಷಕ್ಕೆ ನಾಲ್ಕಾರು ಸಲ ನಡೆಯುವ ಸಂಗತಿ. ಅದನ್ನು ಬಾಲಿಶ ಎಂದು ತಳ್ಳಿಹಾಕುವವರಿದ್ದಾರೆ, ಪವಿತ್ರ ಎಂದು ಎತ್ತಿಹಿಡಿಯುವವರೂ ಇದ್ದಾರೆ. ಇಬ್ಬರೂ ಆ ಸಿಟ್ಟನ್ನು ಬಿಡಿಸಿ ನೋಡಿದಂತಿಲ್ಲ.

ಸ್ಟಾರ್ ವಾರ್ಸ್‌ನಂಥ ವಿಜ್ಞಾನ ಕಥೆಯ ಸರಣಿ ನಮ್ಮಲ್ಲಿ ಬೆಳೆದಿಲ್ಲ. ಬಾಹ್ಯಾಕಾಶದ ಯುದ್ಧ ನೋಡಬೇಕೆಂದರೆ ನಾವು ಹೊರಗಿನದನ್ನೇ ನೋಡಬೇಕು. ಆದರೆ ತಲೆಮಾರು ದಾಟಿ ಬಂದ, ಸಂಭಾಷಣೆ ಬಾಯಿಪಾಠವಾಗಿರುವ, ಅಭಿಮಾನಿಗಳು ತಮ್ಮದೇ ಆಸ್ತಿಯಂತೆ ಕಾಯುವ ಕತೆ ನಮ್ಮಲ್ಲೂ ಇದೆ. ‘ನಾಗರಹಾವು’ ಅಂಥದ್ದು. ಹಾಗಾಗಿ ಅಲ್ಲಿಂದಲೇ ಹೊರಡೋಣ.

ಮೂಲದ ಮೂಲ

ಅಭಿಮಾನಿಯ ಸಿಟ್ಟಿಗೆ ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ‘ಮೂಲವನ್ನು ಕೆಡಿಸಿದರು.’ ‘ನಾಗರಹಾವಿ’ನ ವಿಷಯದಲ್ಲಿ ಮೂಲ ಯಾವುದು?

ಎಸ್.ಆರ್. ಪುಟ್ಟಣ್ಣ ಕಣಗಾಲ್ ಅವರ 1972ರ ಸಿನಿಮಾ ಎಂದು ಹೆಚ್ಚಿನವರು ಥಟ್ಟನೆ ಹೇಳುತ್ತಾರೆ. ಆದರೆ ಆ ಸಿನಿಮಾಕ್ಕೂ ಒಂದು ಮೂಲವಿದೆ. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಒಂದು ಸಿನಿಮಾ ಮಾಡಿದರು. ಮೂರು ಕಾದಂಬರಿ ಒಂದು ಸಿನಿಮಾ ಆಗಬೇಕಾದರೆ ಎಷ್ಟು ಕಡಿಯಬೇಕು, ಎಷ್ಟನ್ನು ಹೊಸದಾಗಿ ಬೆಸೆಯಬೇಕು ಎಂಬುದನ್ನು ಊಹಿಸಿಕೊಳ್ಳಬಹುದು. ಸಿನಿಮಾ ನೋಡಿದ ತರಾಸು, ಇದು ನಾಗರಹಾವಲ್ಲ, ಕೇರೆಹಾವು ಎಂದು ಬೇಸರಪಟ್ಟರು ಎನ್ನುವ ಮಾತು ಕನ್ನಡ ಸಿನಿಮಾದ ಬಗ್ಗೆ ಮಾತನಾಡುವವರಲ್ಲಿ ಬಹಳ ಪ್ರಚಲಿತ. ಇಂದು ನಾವು ‘ಕೈ ಹಚ್ಚಬೇಡಿ’ ಎಂದು ಕಾಯುತ್ತಿರುವ ಸಿನಿಮಾದ ಬಗ್ಗೆ ಮೊದಲು ಮುನಿಸಿಕೊಂಡವರು ಆ ಕತೆ ಬರೆದವರೇ. ತರಾಸು ಕಾದಂಬರಿಗಳನ್ನು ಓದಿ ಚಿತ್ರಮಂದಿರಕ್ಕೆ ಹೋದವರ ಪಾಲಿಗೆ 1972ರ ಸಿನಿಮಾವೇ ಒಂದು ರೀಬೂಟ್.

ಪುಟ್ಟಣ್ಣ ಮಾಡಿದ್ದು ಬರೀ ಕಡಿಯುವ ಕೆಲಸವಾಗಿರಲಿಲ್ಲ. ಆ ಸಿನಿಮಾವನ್ನು ಇವತ್ತು ಕೂತು ನೋಡಿದರೆ ಕಣ್ಣಿಗೆ ಬೀಳುವುದು ರಾಮಾಚಾರಿಯ ಹುಂಬತನಕ್ಕಿಂತ ಚಾಮಯ್ಯ ಮೇಷ್ಟ್ರ ಪ್ರೀತಿ. ಕೆ.ಎಸ್. ಅಶ್ವಥ್ ಮಾಡಿದ ಆ ಪಾತ್ರವನ್ನು ಆದರ್ಶ ಗುರುವಿನ ಮಾದರಿ ಎಂದು ನಾವು ಶಿಕ್ಷಕರ ದಿನಾಚರಣೆಗಳಲ್ಲಿ ನೆನೆಯುತ್ತೇವೆ. ಕತೆಯ ನಡೆಯನ್ನು ಒಮ್ಮೆ ಗಮನಿಸಿ. ರಾಮಾಚಾರಿ ಅಲಮೇಲುವನ್ನು ಪ್ರೀತಿಸಿದಾಗ ಅವಳನ್ನು ಬಿಟ್ಟುಕೊಡು ಎಂದು ಒಪ್ಪಿಸುವವರು ಮೇಷ್ಟ್ರು. ಅವನು ಬಿಟ್ಟುಕೊಡುತ್ತಾನೆ, ಅವಳ ಬದುಕು ಹಾಳಾಗಿ ಬೀದಿಗೆ ಬೀಳುತ್ತದೆ. ಮುಂದೆ ಅವನು ಮಾರ್ಗರೆಟ್‌ಳನ್ನು ಪ್ರೀತಿಸಿದಾಗ ಅಡ್ಡ ನಿಲ್ಲುವವರೂ ಅದೇ ಮೇಷ್ಟ್ರು. ಮೊದಲ ಸಲ ಜಾತಿ, ಎರಡನೇ ಸಲ ಧರ್ಮ. ಊರೆಲ್ಲ ರಾಮಾಚಾರಿಯನ್ನು ಹಾವು ಎನ್ನುತ್ತದೆ, ಆದರೆ ಮೂವರ ಬದುಕಿಗೆ ಏರಿದ ವಿಷ ಅವನ ಹಲ್ಲಿನಿಂದ ಬಂದದ್ದಲ್ಲ. ಅತ್ಯಂತ ಪ್ರೀತಿಯಿಂದ ಆಡಿದ ಎರಡು ಮಾತುಗಳಿಂದ ಬಂದದ್ದು. ಕೊನೆಗೆ ಚಿತ್ರದುರ್ಗದ ಬೆಟ್ಟದ ಮೇಲೆ ಆ ಪ್ರೀತಿಯೂ ಉಳಿಯುವುದಿಲ್ಲ, ಅವರ್‍ಯಾರೂ ಉಳಿಯುವುದಿಲ್ಲ.

ತರಾಸು ಅವರಿಗೆ ಕೇರೆಹಾವಾಗಿ ಕಂಡದ್ದು ನನಗೆ ವಿಷದ ಜಾಗ ಬದಲಾದಂತೆ ಕಾಣುತ್ತದೆ. ಇದನ್ನು ಒಪ್ಪದವರು ಇರಬಹುದು. ಆದರೆ ಪುಟ್ಟಣ್ಣ ಆ ಕಾದಂಬರಿಗಳನ್ನು ಓದಿದ್ದರು, ಅವುಗಳ ಜೊತೆ ಜಗಳವಾಡಿದ್ದರು ಎಂಬುದರಲ್ಲಿ ಅನುಮಾನವಿಲ್ಲ. ಲೇಖಕನಿಗೆ ಸಿಟ್ಟು ಬರುವಷ್ಟು ಗಟ್ಟಿಯಾಗಿಯೇ ಜಗಳವಾಡಿದ್ದರು. ಹಾಗಾದರೆ ಮೂಲಕ್ಕೆ ನಿಷ್ಠೆ ಎನ್ನುವುದು ಮರುಸೃಷ್ಟಿಯನ್ನು ಅಳೆಯುವ ಕೋಲಾಗುವುದಿಲ್ಲ. ಆ ಕೋಲಿನಿಂದ ಅಳೆದರೆ ನಾವು ಮೊದಲು ಕಳೆದುಕೊಳ್ಳುವುದು 1972ರ ‘ನಾಗರಹಾವ’ನ್ನೇ.

ಹೆಸರು ಬಂತು, ಮುಖ ಬಂತು

ಈಗ 2016ಕ್ಕೆ ಬರೋಣ. ಆ ‘ನಾಗರಹಾವಿ’ಗೆ ಹಳೆಯದರ ಹೆಸರಿತ್ತು, ಹಳೆಯ ನಾಯಕನ ಮುಖವಿತ್ತು. ಕತೆ ಮಾತ್ರ ಬೇರೆ. ಅದು ನಾಗಕನ್ಯೆ, ಪುನರ್ಜನ್ಮ, ದೈವಶಕ್ತಿಗಳ ಕಥಾನಕ. ರಮ್ಯಾ ಮತ್ತು ದಿಗಂತ್ ಮುಖ್ಯ ಪಾತ್ರಗಳಲ್ಲಿದ್ದರು. ಕೋಡಿ ರಾಮಕೃಷ್ಣ ಈ ಬಗೆಯ ಸಿನಿಮಾಗಳಲ್ಲಿ ಪಳಗಿದವರು. ‘ಅಮ್ಮೋರು’, ‘ಅರುಂಧತಿ’ ಅವರವೇ. ಅವರು ಗೊತ್ತಿದ್ದ ಕೆಲಸವನ್ನೇ ಮಾಡಿದರು, ಅದರಲ್ಲಿ ತಪ್ಪು ಹುಡುಕುವಂಥದ್ದೇನಿಲ್ಲ. ಬೇರೆ ಹೆಸರಿನಲ್ಲಿ ಬಂದಿದ್ದರೆ ಹತ್ತರಲ್ಲಿ ಹನ್ನೊಂದನೆಯ ನಾಗದೇವತೆ ಚಿತ್ರವಾಗಿ ಅದು ಬಂದು ಹೋಗುತ್ತಿತ್ತು.

ಹೆಸರು ಅದನ್ನು ಹಾಗೆ ಬಂದು ಹೋಗಲು ಬಿಡಲಿಲ್ಲ. 1972ರ ಚಿತ್ರದಲ್ಲಿ ನಾಗರಹಾವು ಒಂದು ರೂಪಕ. ಊರಿನವರು ಒಬ್ಬ ಹುಡುಗನ ಮೇಲೆ ಅಂಟಿಸಿದ ಹೆಸರು, ಅವನು ಹೊತ್ತು ತಿರುಗಿದ ಹೆಸರು. 2016ರಲ್ಲಿ ಆ ರೂಪಕ ಕಳಚಿ ನಿಜವಾದ ಹಾವು ಬಂತು, ಗ್ರಾಫಿಕ್ಸಿನ ಹಾವು. ರಾಮಾಚಾರಿ ಇಲ್ಲ, ಮೇಷ್ಟ್ರಿಲ್ಲ, ದುರ್ಗವಿಲ್ಲ. ಆ ಪಾತ್ರಗಳು ಎತ್ತಿದ ಪ್ರಶ್ನೆಯೂ ಇಲ್ಲ. ಇದನ್ನು ಮೂಲಕ್ಕೆ ಮಾಡಿದ ದ್ರೋಹ ಎನ್ನಲೂ ಬಾರದು. ದ್ರೋಹ ಮಾಡುವುದಕ್ಕೂ ಒಂದು ಸಂಬಂಧ ಬೇಕಾಗುತ್ತದೆ.

ಅದಕ್ಕೆ ಎರಡು ವರ್ಷ ಮೊದಲು, 2014ರ ಡಿಸೆಂಬರ್‌ನಲ್ಲಿ ಬಂದ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸಂತೋಷ್ ಆನಂದ್‌ರಾಮ್ ನಿರ್ದೇಶಿಸಿದ ಮೊದಲ ಚಿತ್ರ ಅದು. ಅದರಲ್ಲಿ ವಿಷ್ಣುವರ್ಧನ್ ಮರಳಿ ಬರುವುದಿಲ್ಲ. ಯಶ್ ಮಾಡಿದ ನಾಯಕ ‘ನಾಗರಹಾವು’ ಸಿನಿಮಾದ ಹುಚ್ಚು ಅಭಿಮಾನಿ. ತನ್ನನ್ನು ತಾನು ರಾಮಾಚಾರಿ ಎಂದೇ ನಂಬಿದವನು, ಪ್ರೀತಿಸಿದ ಹುಡುಗಿಯನ್ನು ಮಾರ್ಗರೆಟ್ ಎಂದು ಕರೆಯುವವನು. ಆ ಚಿತ್ರ ಹಳೆಯ ಸಿನಿಮಾವನ್ನು ಒಂದು ಪ್ರಶ್ನೆ ಕೇಳುತ್ತದೆ: ಬೆಟ್ಟದಿಂದ ಹಾರದೆ ಬದುಕಬೇಕಾದರೆ ರಾಮಾಚಾರಿಯ ಕೋಪ ಏನಾಗಬೇಕು? ಆ ಹೆಸರನ್ನು ಹೊತ್ತವನು ಸಂಸಾರ ಮಾಡಬಲ್ಲನೆ? ಉತ್ತರ ಬಹಳ ಆಳವಾದದ್ದೇನಲ್ಲ. ಹಾಡು, ಹೊಡೆದಾಟ, ಆಕಸ್ಮಿಕಗಳ ಜನಪ್ರಿಯ ಸಿನಿಮಾ ಅದು. ಹೆಣ್ಣಿನ ಮೇಲೆ ಗಂಡಿನ ಸಿಟ್ಟನ್ನು ಅದು ಎಷ್ಟು ಸುಲಭವಾಗಿ ಕ್ಷಮಿಸುತ್ತದೆ ಎಂಬ ತಕರಾರು ನನಗಿದೆ. ಆದರೆ ಅದು ಹಳೆಯದನ್ನು ನೋಡಿದೆ, ಪ್ರೀತಿಸಿದೆ, ಅದರ ಕೊನೆಯನ್ನು ಒಪ್ಪದೆ ಬೇರೆ ಕೊನೆ ಬರೆದಿದೆ. ಜನ ಅದನ್ನು ಗೆಲ್ಲಿಸಿದರು. ‘ರಾಮಾಚಾರಿ ಹೆಸರು ಕೆಡಿಸಿದರು’ ಎಂದು ಯಾರೂ ಹುಯಿಲಿಟ್ಟಂತೆ ನೆನಪಿಲ್ಲ.

ಒಂದರಲ್ಲಿ ಮುಖವಿದೆ, ಓದು ಇಲ್ಲ. ಇನ್ನೊಂದರಲ್ಲಿ ಮುಖವಿಲ್ಲ, ಓದು ಇದೆ. ಅಭಿಮಾನಿಗಳು ಎರಡನೆಯದನ್ನು ತಮ್ಮದೆಂದು ಒಪ್ಪಿದರು. ಅಭಿಮಾನಿ ಬದಲಾವಣೆಯ ವಿರೋಧಿ ಎನ್ನುವ ಆರೋಪಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಓದಲಿಲ್ಲ ಎನ್ನುವ ಸಿಟ್ಟು, ಕೇಳಲಿಲ್ಲ ಎನ್ನುವ ಸಿಟ್ಟು

ಹಾಗೆಂದು ಅಭಿಮಾನಿ ಯಾವಾಗಲೂ ಸರಿ ಎಂದಲ್ಲ. ಇದಕ್ಕೆ ಸ್ಟಾರ್ ವಾರ್ಸ್ ಕಡೆ ಒಮ್ಮೆ ನೋಡಬೇಕು. ಅಲ್ಲಿ ನಡೆದದ್ದು ಇನ್ನೂ ಗೋಜಲು.

1977ರಲ್ಲಿ ಜಾರ್ಜ್ ಲೂಕಸ್ ಮೊದಲ ಚಿತ್ರ ಮಾಡಿದರು. ಇಪ್ಪತ್ತು ವರ್ಷಗಳ ನಂತರ, 1997ರಲ್ಲಿ, ಹಳೆಯ ಮೂರೂ ಚಿತ್ರಗಳಿಗೆ ಹೊಸ ದೃಶ್ಯ, ಹೊಸ ಗ್ರಾಫಿಕ್ಸ್ ಸೇರಿಸಿ ಮರುಬಿಡುಗಡೆ ಮಾಡಿದರು. ಮೊದಲ ಚಿತ್ರದ ಹೋಟೆಲಿನ ದೃಶ್ಯದಲ್ಲಿ ಹ್ಯಾನ್ ಸೋಲೋ ಮೊದಲು ಗುಂಡು ಹಾರಿಸುತ್ತಿದ್ದ. ಹೊಸ ಆವೃತ್ತಿಯಲ್ಲಿ ಎದುರಾಳಿ ಮೊದಲು ಹಾರಿಸುವಂತೆ ತಿದ್ದಲಾಯಿತು. ಒಂದು ಕ್ಷಣದ ಬದಲಾವಣೆ ಅಷ್ಟೆ, ಆದರೆ ಪಾತ್ರದ ನೈತಿಕತೆಯೇ ಬದಲಾಯಿತು ಎಂದು ಅಭಿಮಾನಿಗಳು ಇವತ್ತಿಗೂ ದೂರುತ್ತಾರೆ. ನಮ್ಮಲ್ಲಿ ಲೇಖಕ ಸಿನಿಮಾದ ಮೇಲೆ ಮುನಿದ. ಅಲ್ಲಿ ಅಭಿಮಾನಿಗಳು ಲೇಖಕನ ಮೇಲೆಯೇ ಮುನಿದರು.

2012ರಲ್ಲಿ ಡಿಸ್ನಿ ಕಂಪನಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಲೂಕಸ್‌ಫಿಲ್ಮ್ ಅನ್ನು ಕೊಂಡಿತು. 2014ರಲ್ಲಿ ಒಂದು ಪ್ರಕಟಣೆ ಬಂತು: ಅಷ್ಟು ವರ್ಷ ಅಧಿಕೃತ ಪರವಾನಗಿಯಲ್ಲೇ ಬಂದಿದ್ದ ಕಾದಂಬರಿ, ಕಾಮಿಕ್ಸ್‌ಗಳು ಇನ್ನು ಮುಂದೆ ಮುಖ್ಯ ಕತೆಗೆ ಸೇರುವುದಿಲ್ಲ. ಅವು ಬರೀ ‘ದಂತಕತೆಗಳು’. ಓದಿ ಬೆಳೆದವರಿಗೆ ಒಂದು ಕಂಪನಿ, ನೀವು ಓದಿದ್ದು ನಡೆದೇ ಇಲ್ಲ ಎಂದು ಹೇಳಿತು. 2015ರ ಹೊಸ ಚಿತ್ರ ಬಂದಾಗ 1977ರದ್ದನ್ನೇ ನಕಲು ಮಾಡಿದ್ದಾರೆ ಎಂಬ ದೂರು ಬಂತು. 2017ರ ‘ದಿ ಲಾಸ್ಟ್ ಜೆಡೈ’ ಬಂದಾಗ, ವಿಪರೀತ ಬದಲಾಯಿಸಿದ್ದಾರೆ ಎಂಬ ದೂರು. 2019ರ ಚಿತ್ರ ಬಂದಾಗ, ಬೈದವರನ್ನು ಸಮಾಧಾನ ಮಾಡಲು ಹೋಗಿ ಹಿಂದಿನದನ್ನು ಅಳಿಸಿಹಾಕಿದ್ದಾರೆ ಎಂಬ ದೂರು.

ಮೂರು ಚಿತ್ರ, ಮೂರು ವಿರುದ್ಧ ದೂರು. ಇದರಲ್ಲಿ ನಡುವಿನದು ನನಗೆ ಮುಖ್ಯ. ರಯಾನ್ ಜಾನ್ಸನ್ ಮಾಡಿದ ‘ದಿ ಲಾಸ್ಟ್ ಜೆಡೈ’ ಹಳೆಯ ನಾಯಕ ಲ್ಯೂಕ್‌ನನ್ನು ದ್ವೀಪದಲ್ಲಿ ಒಂಟಿಯಾಗಿ ಕೂತ, ಸೋತ, ತನ್ನ ಪರಂಪರೆಯಲ್ಲೇ ನಂಬಿಕೆ ಕಳೆದುಕೊಂಡ ಮುದುಕನನ್ನಾಗಿ ತೋರಿಸಿತು. ಪುಟ್ಟಣ್ಣ ತರಾಸು ಅವರೊಂದಿಗೆ ಮಾಡಿದ ಬಗೆಯ ಜಗಳ ಇದು. ಓದಿ, ಒಳಹೊಕ್ಕು, ಒಪ್ಪದೆ ಮಾಡಿದ್ದು. ಆದರೂ ಒಂದು ವರ್ಗದ ಅಭಿಮಾನಿಗಳು ಕೆರಳಿದರು. ಆ ಚಿತ್ರದಲ್ಲಿ ಅಭಿನಯಿಸಿದ್ದ ಕೆಲ್ಲಿ ಮೇರಿ ಟ್ರಾನ್ ಎಂಬ ನಟಿ, ಜನಾಂಗದ ಮೇಲೂ ಹೆಣ್ತನದ ಮೇಲೂ ಬಿದ್ದ ಬೈಗುಳ ತಾಳಲಾರದೆ 2018ರಲ್ಲಿ ತನ್ನ ಇನ್‌ಸ್ಟಾಗ್ರಾಂ ಖಾತೆಯಲ್ಲಿದ್ದುದನ್ನೆಲ್ಲ ಅಳಿಸಿಹಾಕಬೇಕಾಯಿತು.

ಅಭಿಮಾನಿಯ ಸಿಟ್ಟಿನಲ್ಲಿ ಎರಡು ಜಾತಿಗಳಿವೆ ಎಂದು ನನಗೆ ಅನ್ನಿಸುವುದು ಇಲ್ಲಿ. ‘ನೀವು ಈ ಕತೆಯನ್ನು ಓದಲಿಲ್ಲ’ ಎನ್ನುವುದು ಒಂದು. ‘ನೀವು ನನ್ನ ಮಾತು ಕೇಳಲಿಲ್ಲ’ ಎನ್ನುವುದು ಇನ್ನೊಂದು. ಮೊದಲನೆಯದು ವಿಮರ್ಶೆಯ ಆರಂಭ. ಅದಕ್ಕೆ ಕತೆ ಮುಖ್ಯ. ಎರಡನೆಯದು ಗಿರಾಕಿಯ ದೂರು. ದುಡ್ಡು ಕೊಟ್ಟಿದ್ದೇನೆ, ನೆನಪು ಕೊಟ್ಟಿದ್ದೇನೆ, ನಾನು ಕೇಳಿದ್ದನ್ನು ಕೊಡು ಎನ್ನುವ ದೂರು. ಹೊರಗಿನಿಂದ ಎರಡೂ ಒಂದೇ ಥರ ಕೇಳಿಸುತ್ತವೆ. ಒಬ್ಬನೇ ಅಭಿಮಾನಿಯೊಳಗೆ ಎರಡೂ ಇರುವುದುಂಟು.

2016ರ ‘ನಾಗರಹಾವ’ನ್ನು ಈ ಬೆಳಕಿನಲ್ಲಿ ನೋಡಿದರೆ ಒಂದು ಇಕ್ಕಟ್ಟು ಎದುರಾಗುತ್ತದೆ. ವಿಷ್ಣು ಅಭಿಮಾನಿಗಳು ಏಳು ವರ್ಷ ಬಯಸಿದ್ದೇನು? ಇನ್ನೊಮ್ಮೆ ಆ ಮುಖ ನೋಡಬೇಕು ಎಂಬುದೇ ಅಲ್ಲವೆ? ನಿರ್ಮಾಪಕರು ಅದನ್ನೇ ಕೊಟ್ಟರು. ಗಿರಾಕಿ ಕೇಳಿದ್ದು ಸಿಕ್ಕಿತು. ಸಿಕ್ಕಮೇಲೆ ಕಸಿವಿಸಿಯಾದದ್ದು ಅವನೊಳಗಿದ್ದ ಓದುಗನಿಗೆ. ವಿಷ್ಣುವರ್ಧನ್ ಅವರ ಕೊನೆಯ ದೊಡ್ಡ ಯಶಸ್ಸು ‘ಆಪ್ತರಕ್ಷಕ’ ತೆರೆಕಂಡದ್ದು 2010ರ ಫೆಬ್ರವರಿಯಲ್ಲಿ, ಅವರು ಹೋದ ಮೇಲೆ. ಅದೂ 2004ರ ‘ಆಪ್ತಮಿತ್ರ’ದ ಮುಂದುವರಿಕೆ, ಅದೂ ವ್ಯಾಪಾರವೇ. ಆದರೆ ಅಲ್ಲಿ ವಯಸ್ಸಾದ ನಟನೊಬ್ಬ ತನ್ನ ಪಾತ್ರವನ್ನು ತಾನೇ ಮುಂದಕ್ಕೆ ಒಯ್ದಿದ್ದ. ಆ ದಣಿವು, ಆ ಗತ್ತು ಎರಡೂ ಅವನವೇ. ಕಂಪ್ಯೂಟರ್ ಕೊಡುವ ಮುಖಕ್ಕೆ ವಯಸ್ಸಾಗುವುದಿಲ್ಲ, ಅದು ಯಾವುದನ್ನೂ ಆಯ್ಕೆ ಮಾಡುವುದಿಲ್ಲ, ನಿರ್ದೇಶಕರಿಗೆ ಎದುರಾಡುವುದಿಲ್ಲ. ನಟನೆ ಎಂದು ನಾವು ಕರೆಯುವುದು ಬಹುಮಟ್ಟಿಗೆ ಈ ಆಯ್ಕೆಗಳನ್ನೇ.

ಒಂದೇ ಕೈಯಲ್ಲಿರುವ ಕತೆ

ಮರುಸೃಷ್ಟಿಗೆ ನಾವು ಹೊಸಬರಲ್ಲ. ಹತ್ತನೆಯ ಶತಮಾನದಲ್ಲಿ ಪಂಪ ಭಾರತದ ಕತೆಯನ್ನು ಎತ್ತಿಕೊಂಡು ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ. ರನ್ನ ತನ್ನ ದೊರೆಗಾಗಿ ಭೀಮನನ್ನು ನಾಯಕನನ್ನಾಗಿಸಿದ, ಆದರೆ ಓದುಗರ ಮನಸ್ಸನ್ನು ದುರ್ಯೋಧನ ಕದ್ದ. ಕುಮಾರವ್ಯಾಸನಲ್ಲಿ ಇಡೀ ಭಾರತವೇ ಕೃಷ್ಣಕಥೆ. ಇಲ್ಲಿ ಮೊದಲ ಇಬ್ಬರ ಹಿಂದೆ ಆಸ್ಥಾನದ ದುಡ್ಡಿತ್ತು, ಒಡೆಯನ ಹಂಗಿತ್ತು. ಇಂದಿನ ಸ್ಟುಡಿಯೋಗಳಷ್ಟೇ ಸ್ವಾರ್ಥ ಆಗಲೂ ಇತ್ತು ಎನ್ನಬಹುದು. ಹಾಗಿದ್ದರೆ ಆಗ ಇಲ್ಲದ ಯಾವ ಇಕ್ಕಟ್ಟು ಈಗ ಬಂದಿದೆ?

ನನ್ನೂರು ಶಿರಂಗಾಲ ಕೊಡಗಿನ ಉತ್ತರದ ಅಂಚಿನಲ್ಲಿ, ಕಾವೇರಿಯ ದಡದಲ್ಲಿದೆ. ಹೊಳೆಯಾಚೆ ಪಿರಿಯಾಪಟ್ಟಣ ಸೀಮೆ. ರಸ್ತೆ ಹಿಡಿದು ಮುಂದೆ ಹೋದರೆ ಹಾಸನ ಜಿಲ್ಲೆಯ ಕೊಣನೂರು. ಕಾಫಿ ತೋಟದ ಕೊಡಗಿಗಿಂತ ಹಳೇ ಮೈಸೂರಿನ ಬಯಲಿಗೆ ಹತ್ತಿರವಾದ ಈ ಭಾಗದಲ್ಲಿ ‘ಕುರುಕ್ಷೇತ್ರ’ ನಾಟಕ ಬೇಸಿಗೆಯ ಮಾತು. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಕಲಿಸುತ್ತಾರೆ. ಸೀನರಿ, ಕಿರೀಟ, ಗದೆಗಳು ಬಾಡಿಗೆಗೆ ಬರುತ್ತವೆ. ಪಾತ್ರ ಹಿಡಿದವರೇ ಖರ್ಚು ಹಾಕಿಕೊಳ್ಳುತ್ತಾರೆ. ದುರ್ಯೋಧನನಾಗಬೇಕಾದರೆ ಜೇಬು ಸ್ವಲ್ಪ ಹೆಚ್ಚೇ ಸಡಿಲಿಸಬೇಕು. ಅಂದರೆ ಇಲ್ಲಿ ಅಭಿಮಾನಿ ದುಡ್ಡು ಕೊಡುವುದು ನೋಡುವುದಕ್ಕಲ್ಲ, ಆಡುವುದಕ್ಕೆ.

ಈ ನಾಟಕಗಳ ಬಗ್ಗೆ ದೂರುಗಳೇ ಇಲ್ಲ ಎಂದಲ್ಲ. ರಾತ್ರಿಯಿಡೀ ನೋಡಿದವರು ಬೆಳಿಗ್ಗೆ ಟೀ ಅಂಗಡಿಯಲ್ಲಿ ಕೂತು ಕರ್ಣನನ್ನು ಹರಿದು ಹಾಕುತ್ತಾರೆ. ಶಕುನಿ ರಾಗ ತಪ್ಪಿದ್ದು, ಭೀಮ ಮಾತು ಮರೆತದ್ದು ಯಾವುದೂ ಬಾಕಿಯಾಗುವುದಿಲ್ಲ. ಆದರೆ ‘ಕುರುಕ್ಷೇತ್ರ ಹಾಳಾಯಿತು’ ಎಂದು ಯಾರೂ ಹೇಳುವುದಿಲ್ಲ. ಈ ಊರಿನದು ಕೆಟ್ಟರೆ ಮುಂದಿನ ಊರಿನಲ್ಲಿ ಇನ್ನೊಂದಿದೆ. ಇವರ ಕರ್ಣ ಸರಿಯಿಲ್ಲ ಎನ್ನುವವನು ಮುಂದಿನ ವರ್ಷ ತಾನೇ ಕರ್ಣನಾಗಬಹುದು. ಕತೆ ಯಾರೊಬ್ಬರ ಕೈಯಲ್ಲೂ ಇಲ್ಲ, ಆದ್ದರಿಂದ ಯಾರೊಬ್ಬರಿಂದಲೂ ಕೆಡುವುದಿಲ್ಲ.

ಸ್ಟಾರ್ ವಾರ್ಸ್ ಹಾಗಲ್ಲ. ಅದನ್ನು ಅಧಿಕೃತವಾಗಿ ಆಡಿಸುವ ಹಕ್ಕಿರುವುದು ಒಬ್ಬರಿಗೇ. ಅವರು ಕೆಟ್ಟದಾಗಿ ಮಾಡಿದರೆ ಪಕ್ಕದೂರಿನಲ್ಲಿ ಇನ್ನೊಂದು ಪ್ರದರ್ಶನವಿಲ್ಲ. ಅವರು ‘ಇದು ನಡೆಯಿತು, ಇದು ನಡೆಯಲಿಲ್ಲ’ ಎಂದರೆ ಮುಗಿಯಿತು. ಅಮೆರಿಕದ ಕಾನೂನಿನಂತೆ 1977ರ ಚಿತ್ರ 95 ವರ್ಷ ಕಳೆದು 2073ಕ್ಕೆ ಸಾರ್ವಜನಿಕರದ್ದಾಗುತ್ತದೆ. ಮೊದಲ ದಿನ ಮೊದಲ ಆಟ ನೋಡಿದ ಹುಡುಗ ಅಷ್ಟು ದಿನ ಬದುಕಿರುವುದಿಲ್ಲ. ಭಾರತದ ಕಾನೂನಿನಲ್ಲಿ ಸಿನಿಮಾಕ್ಕೆ 60 ವರ್ಷದ ಹಕ್ಕು, ಸಾಹಿತ್ಯ ಕೃತಿಗೆ ಲೇಖಕ ತೀರಿಕೊಂಡ ಮೇಲೆ 60 ವರ್ಷ. ಆ ಲೆಕ್ಕದಲ್ಲಿ 1972ರ ‘ನಾಗರಹಾವು’ 2032ರ ಕೊನೆಯವರೆಗೆ, 1984ರಲ್ಲಿ ತೀರಿಕೊಂಡ ತರಾಸು ಅವರ ಕಾದಂಬರಿಗಳು 2044ರ ಕೊನೆಯವರೆಗೆ ಹಕ್ಕಿನೊಳಗಿವೆ.

ಲೇಖಕರಿಗೆ ಹಕ್ಕು ಬೇಡ ಎಂದು ನಾನು ಹೇಳುತ್ತಿಲ್ಲ. ಕನ್ನಡದ ಲೇಖಕರಿಗೆ ಸಿಗುವ ಗೌರವಧನ ಎಷ್ಟೆಂದು ಬಲ್ಲವರು ಹಾಗೆ ಹೇಳಲಾರರು. ನನ್ನ ಗಮನ ಇರುವುದು ಇನ್ನೊಂದು ಸೂಕ್ಷ್ಮದ ಮೇಲೆ. ಕತೆಗೆ ಹಕ್ಕಿದೆ, ಬರೀ ಶೀರ್ಷಿಕೆಗೆ ಕೃತಿಸ್ವಾಮ್ಯವಿಲ್ಲ. 2015ರಲ್ಲಿ ಹಿಂದಿ ಚಿತ್ರ ‘ದೇಸಿ ಬಾಯ್ಸ್’ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಕಾನೂನು ಹೀಗಿರುವಾಗ ಪೇಟೆಗೆ ಯಾವುದು ಸುಲಭ? ಹೆಸರು. ಅಭಿಮಾನಿಯನ್ನು ಚಿತ್ರಮಂದಿರಕ್ಕೆ ಎಳೆದು ತರುವುದು ಯಾವುದು? ಮತ್ತೆ ಹೆಸರೇ. ಓದು, ಜಗಳ, ಹೊಸ ಕೊನೆ ಇವೆಲ್ಲ ದುಬಾರಿ, ಅಪಾಯಕಾರಿ. 2016ರ ಚಿತ್ರ ಯಾವ ಅನುಮತಿಯಿಂದ ಬಂತು ಎಂಬುದು ಇಲ್ಲಿ ನನ್ನ ಪ್ರಶ್ನೆಯಲ್ಲ. ಕತೆಯನ್ನು ಬಿಟ್ಟು ಹೆಸರನ್ನು ಮಾತ್ರ ಎತ್ತಿಕೊಳ್ಳುವುದು ಯಾರ ದುರುದ್ದೇಶವೂ ಇಲ್ಲದೆ ನಡೆದುಹೋಗುವಂತೆ ಇಡೀ ವ್ಯವಸ್ಥೆಯೇ ಇದೆ ಎನ್ನುವುದಷ್ಟೇ ನನ್ನ ಮಾತು.

ಅಭಿಮಾನಿಯ ಸಿಟ್ಟಿಗೆ ಅಷ್ಟೊಂದು ಕಾವು ಬರುವುದೂ ಇದರಿಂದಲೇ. ಅವನು ಕತೆಯನ್ನು ಪುರಾಣದಂತೆ ಪ್ರೀತಿಸುತ್ತಾನೆ. ಪುರಾಣದಂತೆ ಪ್ರೀತಿಸು ಎಂದು ಜಾಹೀರಾತೂ ಅವನಿಗೆ ಹೇಳುತ್ತದೆ. ಆದರೆ ಪುರಾಣದಲ್ಲಿ ಅವನಿಗೆ ಸಿಗುವ ಪಾತ್ರ ಇಲ್ಲಿ ಸಿಗುವುದಿಲ್ಲ. ಇಲ್ಲಿ ಅವನು ಟಿಕೆಟ್ ಕೊಳ್ಳಬೇಕು, ಕೊಂಡ ಮೇಲೆ ಬೈಯಬಹುದು. ಬೈಗುಳವೊಂದೇ ಅವನ ಪಾಲಿಗೆ ಉಳಿದ ಪಾತ್ರವಾದಾಗ ಅದು ಜೋರಾಗುವುದರಲ್ಲಿ ಆಶ್ಚರ್ಯವಿಲ್ಲ. ಆ ಬೈಗುಳ ಕಂಪನಿಯ ಕಿವಿಗೆ ಬೀಳದೆ ಯಾರೋ ನಟಿಯ ಮೇಲೆ ಬಿದ್ದಾಗ ಮಾತ್ರ ಅದನ್ನು ಕ್ಷಮಿಸಲಾಗದು.

ಮತ್ತೆ ತೋರಿಸುವುದು, ಮತ್ತೆ ಹೇಳುವುದು

2018ರ ಜುಲೈನಲ್ಲಿ ಪುಟ್ಟಣ್ಣನವರ ‘ನಾಗರಹಾವು’ ಹೊಸ ಧ್ವನಿ, ಹೊಸ ಬಣ್ಣದೊಂದಿಗೆ ಡಿಜಿಟಲ್ ರೂಪದಲ್ಲಿ ಮತ್ತೆ ತೆರೆಗೆ ಬಂತು. 46 ವರ್ಷ ಹಳೆಯ ಚಿತ್ರಕ್ಕೆ ಹಾರ, ಪಟಾಕಿ, ಶಿಳ್ಳೆ. ಎರಡು ವರ್ಷದ ಹಿಂದಿನ ಕಸಿವಿಸಿಗೆ ಅಭಿಮಾನಿಗಳು ಕೊಟ್ಟ ಉತ್ತರ ಅದೇ ಎಂದು ಅನೇಕರು ಹೇಳಿದರು. ಸಂತೋಷದ ಸಂಗತಿ. ಹಳೆಯ ಚಿತ್ರಗಳ ನೆಗೆಟಿವ್‌ಗಳು ಹಾಳಾಗುತ್ತಿರುವ ಹೊತ್ತಿನಲ್ಲಿ ಅಂಥ ಕೆಲಸ ಇನ್ನೂ ನಡೆಯಬೇಕು.

ಆದರೆ ಮತ್ತೆ ತೋರಿಸುವುದು ಮತ್ತೆ ಹೇಳುವುದಕ್ಕೆ ಸಮನಲ್ಲ. ಮೂಲವನ್ನು ಹಾಗೆಯೇ ತೋರಿಸುತ್ತಾ ಇರುವುದೊಂದೇ ನಮಗೆ ಗೊತ್ತಿರುವ ಗೌರವವಾದರೆ ಕತೆ ಗಾಜಿನ ಪೆಟ್ಟಿಗೆ ಸೇರುತ್ತದೆ. ಪುಟ್ಟಣ್ಣನವರೇ 1974ರಲ್ಲಿ ಇದೇ ಕತೆಯನ್ನು ರಿಷಿ ಕಪೂರ್ ಅವರನ್ನಿಟ್ಟುಕೊಂಡು ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ ಎಂದು ತೆಗೆದರು. ಜಲೀಲನಾಗಿ ಅಲ್ಲಿಯೂ ಅಂಬರೀಶ್ ಇದ್ದರು. ಅದೇ ನಿರ್ದೇಶಕ, ಅದೇ ಕತೆ, ಅದೇ ಜಲೀಲ. ಸಿನಿಮಾ ಮಾತ್ರ ನಿಲ್ಲಲಿಲ್ಲ. ಎರಡೇ ವರ್ಷದ ಹಿಂದೆ ಗೆದ್ದದ್ದನ್ನು ಗೆದ್ದವನೇ ಮತ್ತೆ ಮಾಡಿದರೂ ಹಾಗಾಯಿತು. ಮೊದಲ ಸಲ ಅವರೆದುರು ಜಗಳವಾಡಲು ತರಾಸು ಇದ್ದರು. ಎರಡನೇ ಸಲ ಅವರ ಮುಂದಿದ್ದದ್ದು ಅವರದೇ ಗೆಲುವು ಎಂದು ನನಗೆ ತೋರುತ್ತದೆ.

ಅಭಿಮಾನಿಯೊಬ್ಬ ಗಿರಾಕಿಯ ಜಾಗದಿಂದ ಎದ್ದು ಬೇರೆ ಕಡೆ ಕೂರಬಹುದು ಎನ್ನುವುದಕ್ಕೆ ಈಚಿನ ಉದಾಹರಣೆ 2023ರ ‘ಡೇರ್‌ಡೆವಿಲ್ ಮುಸ್ತಾಫಾ’. ಅದು ಯಾವುದರ ರೀಬೂಟೂ ಅಲ್ಲ. ಪೂರ್ಣಚಂದ್ರ ತೇಜಸ್ವಿಯವರ ಸಣ್ಣ ಕತೆಯೊಂದನ್ನು ಶಶಾಂಕ್ ಸೋಗಾಲ್ ಪೂರ್ಣಾವಧಿ ಚಿತ್ರ ಮಾಡಿದರು. ದುಡ್ಡು ಹಾಕಿದವರಲ್ಲಿ ತೇಜಸ್ವಿಯ ಓದುಗರೇ ಇದ್ದರು. ಕತೆಯನ್ನು ಹಿಗ್ಗಿಸಿದ್ದಾರೆ, ಕಾಮಿಕ್ಸ್‌ನಂತೆ ಬಣ್ಣ ಬಳಿದಿದ್ದಾರೆ, ತೇಜಸ್ವಿ ಬರೆಯದ ಸಂಗತಿಗಳು ಎಷ್ಟೋ ಇವೆ. ಓದುಗರು ಮೆಚ್ಚಿದರು. ‘ಕುರುಕ್ಷೇತ್ರ’ದ ಪಾತ್ರಕ್ಕೆ ದುಡ್ಡು ಹಾಕುವವರ ಹಾಗೆಯೇ ಇವರೂ ಆಡುವುದಕ್ಕೆ ದುಡ್ಡು ಹಾಕಿದರು.

ಎಲ್ಲರಿಗೂ ಸಿನಿಮಾ ಮಾಡಲಾಗುವುದಿಲ್ಲ. ಓದಲು ಆಗುತ್ತದೆ. ಸಾಹಿತ್ಯದ ವಿದ್ಯಾರ್ಥಿಗಳಲ್ಲೇ ‘ನಾಗರಹಾವು’ ಸಿನಿಮಾದ ಸಂಭಾಷಣೆ ಬಾಯಿಪಾಠವಿರುವ ಎಷ್ಟೋ ಮಂದಿಗೆ ಅದರ ಹಿಂದೆ ಮೂರು ಕಾದಂಬರಿಗಳಿವೆ ಎಂಬುದು ಹೊಸ ಸುದ್ದಿ. ಮುಂದಿನ ಸಲ ಯಾರಾದರೂ ನಮ್ಮ ಪ್ರೀತಿಯ ಕತೆಯನ್ನು ಎತ್ತಿಕೊಂಡಾಗ ‘ಮುಖ ಹಾಗೆಯೇ ಇದೆಯಾ, ಡೈಲಾಗ್ ಹಾಗೆಯೇ ಇದೆಯಾ’ ಎಂದು ಕೇಳುವ ಮೊದಲು, ಇವರು ಅದನ್ನು ಓದಿದ್ದಾರಾ, ಅದರ ಯಾವ ಮಾತನ್ನು ಒಪ್ಪಿಲ್ಲ ಎಂದು ಕೇಳೋಣ. ಆ ಪ್ರಶ್ನೆ ಕೇಳಬೇಕಾದರೆ ನಾವೂ ಓದಿರಬೇಕಾಗುತ್ತದೆ. ಆಗ ನಮಗೆ ಬರುವ ಸಿಟ್ಟಿಗೊಂದು ಬೆಲೆ ಬರುತ್ತದೆ. ತರಾಸು ಅವರ ಸಿಟ್ಟಿಗೆ ಇದ್ದ ಬೆಲೆ ಅದು.